ಅಂಕ ಬಂದದ್ದು ಹೇಗೆ?

ಉತ್ತರ ಪತ್ರಿಕೆ ಹಿಂತಿರುಗಿಸುವ ದಿನ ಅಧ್ಯಾಪಕರಿಗೂ ಒಂದು ಪರೀಕ್ಷೆಯೇ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ‘ನೀರಿನ ಉಳಿತಾಯ’ ಎಂಬ ತನ್ನ ಪ್ರಬಂಧವನ್ನು ಹಿಡಿದು ಬಂದು, “ಮಾಷ್ಟ್ರೇ, ನನಗೆ ನಾಲ್ಕು, ಅವನಿಗೆ ಎಂಟು. ನಾನು ಏನು ಬರೆಯಬೇಕಿತ್ತು?” ಎಂದು ಕೇಳಿದ. “ಇನ್ನೂ ಚೆನ್ನಾಗಿ ಬರೆ” ಎಂದೆ. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈ ತೊಡಕು ಹಳೆಯದು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು 142 ಅಧ್ಯಾಪಕರಿಂದ ತಿದ್ದಿಸಿ, ಫಲಿತಾಂಶವನ್ನು 1912ರಲ್ಲಿ ಪ್ರಕಟಿಸಿದರು. ನೂರಕ್ಕೆ 50ರಿಂದ 97ರ ವರೆಗೂ ಅಂಕಗಳು ಬಿದ್ದಿದ್ದವು! ಭಾಷೆಯ ವಿಷಯದಲ್ಲಿ ಹೀಗಾಗುವುದು ಸಹಜವೆನ್ನೋಣವೇ? 1913ರಲ್ಲಿ ಪ್ರಕಟವಾದ ರೇಖಾಗಣಿತದ ಪ್ರಯೋಗದಲ್ಲಿ ಅಂತರ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರವೇ ಅಂಕ ಹಂಚಿಕೆಯ ಪಟ್ಟಿ. ಇಂಗ್ಲಿಷಿನಲ್ಲಿ ಇದನ್ನು ರೂಬ್ರಿಕ್ ಎನ್ನುತ್ತಾರೆ. ಹತ್ತು ಅಂಕದ ಪ್ರಬಂಧಕ್ಕೆ ನಾನು ಮಾಡಿಕೊಂಡ ಪಟ್ಟಿ ಹೀಗಿದೆ: ವಿಷಯ 4, ಜೋಡಣೆ 2, ಭಾಷೆ 2, ಕಾಗುಣಿತ ಮತ್ತು ಲೇಖನ ಚಿಹ್ನೆ 2. ಇಷ್ಟೇ ಸಾಲದು, ಪ್ರತಿಯೊಂದು ಅಂಕಕ್ಕೂ ಅರ್ಥ ಬೇಕು. ‘ವಿಷಯ’ದಲ್ಲಿ, ಕಂಡು ಬಲ್ಲ ಉದಾಹರಣೆಯೂ ಅದಕ್ಕೆ ಕಾರಣವೂ ಇದ್ದರೆ 4, ಉದಾಹರಣೆ ಮಾತ್ರ ಇದ್ದರೆ 3, ಎಲ್ಲರೂ ಹೇಳುವ ಮಾತುಗಳಷ್ಟೇ ಇದ್ದರೆ 2, ವಿಷಯದ ಹೆಸರನ್ನೇ ತಿರುತಿರುಗಿ ಬರೆದಿದ್ದರೆ 1.

ಈ ಪಟ್ಟಿಯನ್ನಿಟ್ಟುಕೊಂಡು ಆ ಎರಡು ಪ್ರಬಂಧಗಳನ್ನು ಮತ್ತೆ ಓದಿದೆ. ಹುಡುಗನ ಮನೆಮಾತು ತುಳು. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿದ್ದವು. ಆದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗದ ಬಗ್ಗೆ, ಅದನ್ನು ತೋಡುವ ತಂದೆಯ ಜೊತೆ ನಿಂತು ನೋಡಿದವನಂತೆ ಬರೆದಿದ್ದ. ಕಾಗುಣಿತಕ್ಕೆ ಸೊನ್ನೆ, ಜೋಡಣೆಗೆ 1, ಭಾಷೆಗೆ 2, ವಿಷಯಕ್ಕೆ ಪೂರ್ಣ 4, ಒಟ್ಟು ಏಳು. ಎಂಟು ಪಡೆದವನ ಮುತ್ತಿನಂಥ ಅಕ್ಷರಗಳ ಪ್ರಬಂಧ ಆರಕ್ಕೆ ಇಳಿಯಿತು. ಒಂದೇ ಬಗೆಯ ತಪ್ಪಿಗೆ ನಾನು ಎಲ್ಲ ಕಡೆಯೂ ಅಂಕ ಕಡಿದಿದ್ದೆ. ಅಂದವಾದ ಬರಹಕ್ಕೆ ವಿಷಯದ ಅಂಕವನ್ನೂ ಕೊಟ್ಟಿದ್ದೆ. ತಪ್ಪು ಮಾಡಿದವನು ವಿದ್ಯಾರ್ಥಿಯಲ್ಲ, ನಾನು.

ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಕಾಗುಣಿತವನ್ನು ತಿದ್ದಲೇಬೇಕು, ಆದರೆ ಅದರ ದಂಡ ಅದರ ಪಾಲಿಗಷ್ಟೇ ಇರಲಿ.

ಪಟ್ಟಿಯನ್ನು ಬರೆಯುವ ಮೊದಲೇ ಮಕ್ಕಳ ಕೈಗೆ ಕೊಡಬೇಕು. ಆಗ ತಾವು ಬರೆದುದನ್ನು ತಾವೇ ಅಳೆದು ತಿದ್ದಿಕೊಳ್ಳುತ್ತಾರೆ. ಅಧ್ಯಾಪಕರಿಗೂ ಲಾಭವುಂಟು: ತರಗತಿಯಲ್ಲಿ ಹೆಚ್ಚಿನವರು ‘ಜೋಡಣೆ’ಯಲ್ಲಿ ಸೋತಿದ್ದರೆ, ಮರುದಿನ ಕಲಿಸಬೇಕಾದ ಪಾಠ ಯಾವುದೆಂದು ಹೇಳುವವರು ಬೇರೆ ಬೇಕಿಲ್ಲ. ಆದರೆ ಪಟ್ಟಿ ಅಚ್ಚಾಗಬಾರದು. ಎಲ್ಲ ಪ್ರಬಂಧಗಳೂ ಒಂದೇ ರೂಪದಲ್ಲಿ ಬರತೊಡಗಿದರೆ ಬದಲಿಸಬೇಕಾದುದು ಪಟ್ಟಿಯನ್ನೇ.

ಹೆತ್ತವರಲ್ಲಿ ಒಂದು ವಿನಂತಿ. ಮಗು ಉತ್ತರ ಪತ್ರಿಕೆ ತಂದಾಗ “ಎಷ್ಟು ಬಂತು?” ಎಂದು ಕೇಳಿ ಸುಮ್ಮನಾಗಬೇಡಿ. “ಯಾವುದರಲ್ಲಿ ಹೋಯಿತು?” ಎಂದೂ ಕೇಳಿರಿ. ಅದಕ್ಕೆ ಮಗುವಿಗೆ ಉತ್ತರ ತಿಳಿಯದಿದ್ದರೆ ನಮ್ಮನ್ನು ಬಂದು ಕೇಳಿರಿ. ಉತ್ತರ ಹೇಳುವುದು ನಮ್ಮ ಕರ್ತವ್ಯ.