ಮಧುಗಿರಿ ಕಡೆ ಮನೆ ಕಟ್ಟುವವರಿಗೆ: ಜೆಸಿಬಿ ಕರೆಯುವ ಮೊದಲು

ಮನೆಗಾಗಿ ಗುಡ್ಡ ಕಡಿಯುವಾಗ ಕರಾವಳಿಯವರಾದ ನಮಗೆ ಮಳೆಗಾಲದ ಭಯ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಆದ ಭೂಕುಸಿತವನ್ನು ಯಾರೂ ಮರೆತಿಲ್ಲ. ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಸಂಗತಿಯೇ ಬೇರೆ. ಅಲ್ಲಿ ಮಳೆ ಕಡಿಮೆ, ಬಂಡೆ ಹೆಚ್ಚು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳಲ್ಲಿ ಸೇವೆಗೆಂದೋ ಉದ್ಯೋಗಕ್ಕೆಂದೋ ನೆಲೆಸಿ ಮನೆ ಕಟ್ಟಲು ಹೊರಡುವ ನಮ್ಮವರ ಅನುಕೂಲಕ್ಕಾಗಿ ಈ ಮಾಹಿತಿ ನೀಡುತ್ತಿದ್ದೇವೆ.

ಈ ನಾಲ್ಕೂ ತಾಲೂಕುಗಳು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಧರ್ಮಸಭೆಯ ವ್ಯವಸ್ಥೆಯಲ್ಲಿ ಇದು ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿ. ಆದುದರಿಂದ ಕಟ್ಟುವುದು ಕಾನ್ವೆಂಟ್ ಆಗಿದ್ದರೆ ಮೊದಲ ಕಾಗದ ಸರಕಾರದ್ದಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 609ನೇ ಕಲಮಿನ ಪ್ರಕಾರ ಅಲ್ಲಿನ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಬೇಕು.

ಇನ್ನು ನೆಲದ ವಿಷಯ. ವಾಸದ ಮನೆಯ ಪಾಯ ತೋಡಲು ಸಾಮಾನ್ಯವಾಗಿ ಬೇರೆ ಪರವಾನಗಿ ಇರುವುದಿಲ್ಲ, ಅದು ಕಟ್ಟಡ ಪರವಾನಗಿಯಲ್ಲೇ ಅಡಕವಾಗಿದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯತಿ, ಪೇಟೆಯಲ್ಲಾದರೆ ಪುರಸಭೆ, ನಗರಸಭೆ ಅಥವಾ ಪಟ್ಟಣ ಪಂಚಾಯತಿ ಅದನ್ನು ಕೊಡುತ್ತದೆ. ಆದರೆ ಜಾಗ ದಾಖಲೆಯಲ್ಲಿ ಹೊಲವಾಗಿದ್ದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಭೂಪರಿವರ್ತನೆ ಆಗಿದೆಯೇ ಎಂದು ಮೊದಲು ನೋಡಬೇಕು. ಪಂಚಾಯತಿ ನಿವೇಶನವಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಕೇಳಿ. ಮಾರುವವರು "ಎಲ್ಲ ಸರಿಯಾಗಿದೆ" ಎಂದು ಬಾಯಲ್ಲಿ ಹೇಳಿದರೆ ಸಾಲದು.

ತೊಡಕು ಬರುವುದು ಹೆಚ್ಚಾಗಿ ಮಣ್ಣು ಗೇಟು ದಾಟುವಾಗ. ಕಟ್ಟಡ, ರಸ್ತೆ ಮುಂತಾದವುಗಳಿಗೆ ತುಂಬಲು ಅಥವಾ ಸಮತಟ್ಟು ಮಾಡಲು ಬಳಸುವ ಸಾಮಾನ್ಯ ಮಣ್ಣನ್ನು ಕೇಂದ್ರ ಸರಕಾರ 2000ದ ಫೆಬ್ರವರಿಯಲ್ಲಿ ಉಪಖನಿಜವೆಂದು ಘೋಷಿಸಿತು. ಹಾಗಾದರೆ ಪಾಯದ ಮಣ್ಣಿಗೂ ರಾಜಧನ ಕಟ್ಟಬೇಕೇ? ಪುಣೆಯ ಬಿಲ್ಡರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ, ಅಗೆದ ಮಾತ್ರಕ್ಕೆ ಹೊಣೆ ಬರುವುದಿಲ್ಲ, ಆ ಮಣ್ಣನ್ನು ಯಾವುದಕ್ಕೆ ಬಳಸಿದರು ಎಂಬುದನ್ನು ನೋಡಬೇಕು ಎಂದಿತು. ಆದ್ದರಿಂದ ನಿಮ್ಮ ಮಣ್ಣನ್ನು ಲಾರಿಯಲ್ಲಿ ಹೊರಗೆ ಮಾರುವ ಮಾತು ಬಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಹೊರಗಿನಿಂದ ತುಂಬುಮಣ್ಣು ತರಿಸುವುದಾದರೂ ಲಾರಿಯವರಲ್ಲಿ ಪರವಾನಗಿ ಚೀಟಿ ಕೇಳಬೇಕು. ಅಗ್ಗಕ್ಕೆ ಸಿಗುತ್ತದೆಂದು ಕೆರೆಯಂಗಳದ ಮಣ್ಣು ಎತ್ತಿಸುವುದು, ರಾಜಕಾಲುವೆ ಮುಚ್ಚಿ ನಿವೇಶನ ಸಮ ಮಾಡುವುದು ಬೇಡವೇ ಬೇಡ. ಬರಗಾಲದ ಸೀಮೆಯಲ್ಲಿ ಕೆರೆಗೆ ನೀರು ಬರುವ ದಾರಿ ಅದೊಂದೇ. ಪಾವಗಡದ ಬಹುಭಾಗವನ್ನು ಆಂಧ್ರ ಸುತ್ತುವರಿದಿರುವುದರಿಂದ, ಲಾರಿ ಯಾವ ರಾಜ್ಯದ ಮಣ್ಣು ತಂದಿದೆ ಎಂಬುದನ್ನೂ ನೋಡಬೇಕಾಗುತ್ತದೆ.

ಬಂಡೆ ಅಡ್ಡ ಬಂದಾಗ ಮೇಸ್ತ್ರಿ "ಒಂದೆರಡು ಕುಳಿ ಸಿಡಿಸಿಬಿಡೋಣ" ಎನ್ನಬಹುದು. ದಯವಿಟ್ಟು ಒಪ್ಪಬೇಡಿ. ಜಿಲೆಟಿನ್ ಕಡ್ಡಿ ಇಟ್ಟುಕೊಳ್ಳಲು, ಸಾಗಿಸಲು, ಸಿಡಿಸಲು 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಇರಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳೇ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಇಂಥದೇ ಸ್ಫೋಟಕಗಳಿಗೆ ಜೀವಗಳು ಬಲಿಯಾದವು. ಹಿರೇನಾಗವಲ್ಲಿಯಲ್ಲೇ 6 ಮಂದಿ. ಬ್ರೇಕರ್ ಯಂತ್ರದಿಂದ ಒಡೆಸಬಹುದು. ಸಾಧ್ಯವಿದ್ದರೆ ಎಂಜಿನಿಯರರನ್ನು ಕೇಳಿ ಬಂಡೆಯ ಮೇಲೆಯೇ ಪಾಯ ಕೂರಿಸುವುದು ನಮ್ಮ ದೃಷ್ಟಿಯಲ್ಲಿ ಇನ್ನೂ ಒಳ್ಳೆಯದು, ಖರ್ಚೂ ಉಳಿಯಬಹುದು.

ಹೊರಗಿನವರಿಗೆ ಹೊಳೆಯದ ಇನ್ನೊಂದು ವಿಷಯವಿದೆ. ಮಧುಗಿರಿಯ ಕೋಟೆ, ಶಿರಾದ ಮಲಿಕ್ ರಿಹಾನ್ ದರ್ಗಾ ಮತ್ತು ಜುಮ್ಮಾ ಮಸೀದಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅಲ್ಲಿಂದಾಚೆ ಇನ್ನೂ 200 ಮೀಟರಿನಲ್ಲಿ ಕಟ್ಟಲು ಪೂರ್ವಾನುಮತಿ ಬೇಕು. ಪುರಸಭೆಯ ಪರವಾನಗಿ ಸಿಕ್ಕಿದ ಮಾತ್ರಕ್ಕೆ ಈ ನಿಯಮ ತಪ್ಪುವುದಿಲ್ಲ. ಮುಂಗಡ ಕೊಡುವ ಮೊದಲೇ ಈ ಅಳತೆ ಮಾಡಿಸಿಕೊಳ್ಳಿ.

ಆಳೆತ್ತರಕ್ಕಿಂತ ಆಳವಾಗಿ ತೋಡುವುದಾದರೆ ಪಕ್ಕಕ್ಕೆ ಹಲಗೆ ಆನಿಸದೆ ಕೂಲಿಯವರನ್ನು ಕೆಳಗೆ ಇಳಿಸಬಾರದು. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ ರಾಶಿ ಹಾಕಬಾರದು. ಮಣ್ಣು ಎಲ್ಲಿಗೆ ಹೋಗುತ್ತದೆ, ಅದರ ಪರವಾನಗಿ ಯಾರು ತರುತ್ತಾರೆ ಎಂಬ ಎರಡು ಸಾಲನ್ನು ಗುತ್ತಿಗೆದಾರರ ಕರಾರಿನಲ್ಲೇ ಬರೆಸಿಕೊಂಡು, ಎಲ್ಲ ಕಾಗದಗಳ ಒಂದು ಜೆರಾಕ್ಸ್ ಪ್ರತಿಯನ್ನು ಕೆಲಸದ ಜಾಗದಲ್ಲಿ ಮೇಸ್ತ್ರಿಯ ಕೈಯಲ್ಲಿ ಇಟ್ಟಿರಿ.