ಗಗನಯಾತ್ರೆಯ ಸ್ಮಾರಕ ಲಕೋಟೆಗಳು

ನಮ್ಮ ಶಾಲೆಯ ಹವ್ಯಾಸ ಸಂಘದ ಬಾಲಿಕೆಯರು ಒಳಗೆ ಕಾಗದವೇ ಇಲ್ಲದ ಲಕೋಟೆಗಳನ್ನು ತಮ್ಮ ಮನೆಯ ವಿಳಾಸಕ್ಕೆ ತಾವೇ ಕಳುಹಿಸಿಕೊಳ್ಳುವದನ್ನು ಕಂಡು ಕೆಲವು ಪಾಲಕರು ಬೆರಗಾಗಿರುವರು. “ಐದು ರೂಪಾಯಿಯ ಟಿಕೀಟು ಹಚ್ಚಿ ಬರಿದಾದ ಲಕೋಟೆಯನ್ನು ಕಳಿಸುವದೆಂದರೆ ದುಡ್ಡನ್ನು ಹೊಳೆಗೆ ಹಾಕಿದಂತಲ್ಲವೇ, ಅಕ್ಕೋರೇ?” ಎಂದು ಅಂಕೋಲೆಯ ಒಬ್ಬ ತಾಯಿಯವರು ನನ್ನನ್ನು ನೆಟ್ಟಗೆ ಕೇಳಿದರು. ಪ್ರಶ್ನೆಯು ಯೋಗ್ಯವಾದದ್ದು. ಅದಕ್ಕೆ ಉತ್ತರವನ್ನು ಈ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯುವದು ಉಚಿತವೆಂದು ನನಗೆ ತೋರಿತು.

ಸ್ಮಾರಕ ಲಕೋಟೆಯೆಂದರೆ ಒಂದು ದೊಡ್ಡ ಘಟನೆಯ ದಿನದಂದು, ಸಾಧ್ಯವಾದರೆ ಅದು ನಡೆದ ಸ್ಥಳದಲ್ಲಿಯೇ, ಟಪಾಲು ಕಚೇರಿಯ ಮುದ್ರೆಯನ್ನು ಒತ್ತಿಸಿಕೊಂಡ ಲಕೋಟೆಯು. ಎಡಗಡೆಯಲ್ಲಿ ಘಟನೆಯ ಚಿತ್ರವಿರುವದು. ಬಲಗಡೆಯ ಮೇಲ್ಮೂಲೆಯಲ್ಲಿ ಟಿಕೀಟು, ಅದರ ಮೇಲೆ ಮುದ್ರೆ. ಚಿತ್ರವನ್ನು ಯಾರಾದರೂ ಯಾವಾಗಲಾದರೂ ಬರೆಯಬಹುದು, ಟಿಕೀಟನ್ನು ಯಾರಾದರೂ ಕೊಳ್ಳಬಹುದು. ಆದರೆ ಊರಿನ ಹೆಸರನ್ನೂ ತಾರೀಖನ್ನೂ ಹೊತ್ತ ಮುದ್ರೆಯನ್ನು ಟಪಾಲಿನವರ ಹೊರತು ಮತ್ತಾರೂ ಒತ್ತತಕ್ಕದ್ದಲ್ಲ. ಆದಕಾರಣ ಬಲ್ಲವರು ಚಿತ್ರವನ್ನು ಆಮೇಲೆ ನೋಡಿ, ಮೊದಲು ಮುದ್ರೆಯನ್ನು ನೋಡುವರು. ಅಗ್ನಿಬಾಣಗಳು ಏರುವ ಶ್ರೀಹರಿಕೋಟದ ಮುದ್ರೆಗೆ ನಮ್ಮ ದೇಶದಲ್ಲಿ ಮೊದಲ ಮಾನವು. ನೌಕೆಗಳನ್ನು ಕಟ್ಟಿ ನಡಿಸುವ ಬೆಂಗಳೂರಿನ ಮುದ್ರೆಗೂ ಬೆಲೆಯುಂಟು. ಮನುಷ್ಯರು ಮೊದಲ ಸಾರೆ ಚಂದ್ರನ ಮೇಲೆ ಇಳಿದು ಬಂದ ಯಾತ್ರೆಯ ಮೂವರನ್ನು 1969ನೇ ಜುಲೈ 24ರಂದು ಸಮುದ್ರದಿಂದ ಎತ್ತಿಕೊಂಡ ಹಾರ್ನೆಟ್ ಎಂಬ ಅಮೇರಿಕೆಯ ಯುದ್ಧನೌಕೆಯ ಟಪಾಲು ಮುದ್ರೆಯುಳ್ಳ ಲಕೋಟೆಗಳನ್ನೂ ಸಂಗ್ರಾಹಕರು ಜೋಪಾನ ಮಾಡುವರು. ಕಾರವಾರವೂ ಯುದ್ಧನೌಕೆಗಳ ತಂಗುದಾಣವಾದದ್ದರಿಂದ ನಮ್ಮ ಹುಡುಗಿಯರಿಗೆ ಈ ಸಂಗತಿಯು ಬಹಳವಾಗಿ ಹಿಡಿಸಿತು.

ಈ ಹವ್ಯಾಸದ ಬೇರುಗಳು ನಮ್ಮ ದೇಶದಲ್ಲಿ ಹಳೆಯವು. 1911ನೇ ಫೆಬ್ರುವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಅಲಹಾಬಾದದಿಂದ ಯಮುನೆಯಾಚೆಯ ನೈನಿಗೆ ಸುಮಾರು 6500 ಪತ್ರಗಳನ್ನು ಒಯ್ದನು. ಸರಕಾರದ ಒಪ್ಪಿಗೆಯಿಂದ ವಿಮಾನದಲ್ಲಿ ಟಪಾಲು ಹೋದದ್ದು ಜಗತ್ತಿನಲ್ಲಿ ಅದೇ ಮೊದಲು. ಪ್ರತಿಪತ್ರಕ್ಕೆ ಪಡೆದ ಆರಾಣೆಯ ವಿಶೇಷ ಶುಲ್ಕವು ಅಲ್ಲಿಯ ಮಿಶನ್ ವಿದ್ಯಾರ್ಥಿ ವಸತಿಗೃಹಕ್ಕೆ ಸಂದಿತೆಂಬುದನ್ನು ನಮ್ಮ ವಸತಿಗೃಹದವರು ಲಕ್ಷ್ಯಕ್ಕೆ ತಂದುಕೊಳ್ಳಲಿ. ಮುಂದೆ 1934ರಿಂದ 1944ರ ವರೆಗೆ ಕಲಕತ್ತೆಯ ಸ್ಟೀಫನ್ ಸ್ಮಿತ್ ಎಂಬವರು ಸುಮಾರು 270 ಬಾಣಗಳನ್ನು ಹಾರಿಸಿ, ಅವುಗಳಲ್ಲಿ ಕೆಲವುಗಳೊಳಗೆ ಪತ್ರಗಳನ್ನಿಟ್ಟು ಹೊಳೆಯನ್ನು ದಾಟಿಸಿದರು. ಒಮ್ಮೆ 1935ರಲ್ಲಿ ಒಂದು ಹುಂಜವನ್ನೂ ಹೇಂಟೆಯನ್ನೂ ದಾಮೋದರ ನದಿಯಾಚೆಗೆ ಜೀವಸಹಿತ ಕಳಿಸಿದರು! 1992ರಲ್ಲಿ ಭಾರತದ ಟಪಾಲು ಖಾತೆಯು ಅವರ ಸ್ಮರಣೆಗಾಗಿ ಒಂದು ಟಿಕೀಟನ್ನು ಹೊರಡಿಸಿತು.

ನಮ್ಮ ಮೊದಲ ಉಪಗ್ರಹ ಆರ್ಯಭಟವು ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ, 1975ನೇ ಏಪ್ರಿಲ್ 19ರಂದು ರಶಿಯನರ ಅಗ್ನಿಬಾಣದ ಮೇಲೆ ಏರಿತು. ಆ ವರ್ಷವೇ 25 ಪೈಸೆಯ ಟಿಕೀಟು ಬಂದಿತು. ಅದನ್ನು ಕಟ್ಟಿದವರ ಮುಖಂಡರಾದ ಉಡುಪಿ ರಾಮಚಂದ್ರ ರಾಯರು ಅದಮಾರಿನವರು, ಉಡುಪಿಯ ಕ್ರಿಶ್ಚನ್ ಹೈಸ್ಕೂಲಿನಲ್ಲಿ ಓದಿದವರು. ಎತ್ತಿನ ಗಾಡಿಯ ಮೇಲೆ ಕುಳಿತು ಪರೀಕ್ಷೆಗೊಳಗಾದ ಆ್ಯಪಲ್ ಉಪಗ್ರಹದ ನೆನಪಿಗೆ 1982ರಲ್ಲಿಯೂ, ರಾಕೇಶ ಶರ್ಮರ ಯಾತ್ರೆಗೆ 1984ರಲ್ಲಿಯೂ ಟಿಕೀಟುಗಳು ಬಂದವು. ಇವು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ದೊರೆಯುವವು. ಅಜ್ಜಿಯಂದಿರನ್ನು ಕೇಳಿ ನೋಡಿರಿ.

ಇನ್ನು ಈ ಕೆಲಸದ ನಿಜವಾದ ಕಠಿಣತೆಯನ್ನು ಹೇಳುವೆನು. ಚಿತ್ರವನ್ನು ಘಟನೆಗಿಂತ ಮುಂಚೆಯೇ ಬರೆದಿಡಬೇಕಾಗುವದು. ಫಲವೋ ನಮ್ಮ ಕೈಯಲ್ಲಿಲ್ಲ. ಎರಡನೆಯ ಚಂದ್ರಯಾನದ ವಿಕ್ರಮವು 2019ನೇ ಸಪ್ಟಂಬರ್ 7ರ ನಡುರಾತ್ರಿಯ ಮೇಲೆ ಚಂದ್ರನಲ್ಲಿ ಇಳಿಯಬೇಕಾಗಿತ್ತು. ನೆಲ ಇನ್ನು ಎರಡು ಕಿಲೋಮೀಟರಿನಷ್ಟು ಉಳಿದಿರುವಾಗ ಅದರ ಮಾತು ನಿಂತಿತು. ಬೆಳಗಾದ ಮೇಲೆ ಬಾಲಿಕೆಯರು ಬಾಡಿದ ಮುಖಗಳಿಂದ ಬಂದರು. ಲಕೋಟೆಗಳ ಮೇಲೆ “ಚಂದ್ರನ ಮೇಲೆ ಭಾರತ” ಎಂದು ಬಣ್ಣದಿಂದ ಬರೆದಾಗಿತ್ತು. ಹರಿದು ಹಾಕೋಣವೆಂದರು ಕೆಲವರು. ಹತ್ತನೆಯ ಇಯತ್ತೆಯ ಒಬ್ಬಳು ಮಾತ್ರ, ಅಂದಿನ ತಾರೀಖು ಅಂದಿನದೇ ಅಲ್ಲವೇ, ಇಳಿಯದಿದ್ದದ್ದೂ ನಡೆದ ಸಂಗತಿಯೇ ಅಲ್ಲವೇ, ಎಂದಳು. ಅವಳ ಮಾತು ನನಗೆ ಸರಿದೋರಿತು. ಬರಹದ ಕೆಳಗೆ ನಡೆದದ್ದನ್ನು ಒಂದೇ ಸಾಲಿನಲ್ಲಿ ಕಪ್ಪು ಶಾಯಿಯಿಂದ ಸೇರಿಸಿ, ಕಚೇರಿಯು ತೆರೆಯುತ್ತಲೇ ಮುದ್ರೆ ಹಾಕಿಸಿದರು. ನಮ್ಮ ಸಂಗ್ರಹದಲ್ಲಿ ಎಲ್ಲಕ್ಕೂ ಬೆಲೆಯುಳ್ಳವು ಇವೇ ಎಂದು ನನ್ನ ಅಭಿಪ್ರಾಯವು.

2023ನೇ ಅಗಸ್ಟ 23ರಂದು ತೊಡಕು ತಿರುಗುಮುರುಗಾಯಿತು. ಇಳಿಯುವ ಹೊತ್ತು ಸಂಜೆ 6 ಗಂಟೆ 4 ನಿಮಿಷ. ಟಪಾಲಿನವರು ಮುದ್ರೆ ಹಾಕುವದು ಹಗಲಿನಲ್ಲಿ. ಫಲವು ತಿಳಿಯುವ ಮೊದಲೇ ಲಕೋಟೆಯು ನಮ್ಮ ಕೈಬಿಡಬೇಕು. ಈ ಸಾರೆ ಹುಡುಗಿಯರು ಜಾಣತನ ಕಲಿತು, ಗೆಲುವನ್ನಾಗಲಿ ಸೋಲನ್ನಾಗಲಿ ಹೇಳದೆ, “ಇಂದು ಸಂಜೆ ಇಳಿಯುವ ನಿರೀಕ್ಷೆ” ಎಂದಷ್ಟೇ ಬರೆದರು. ಅಂಕೋಲೆಯಿಂದ ಬರುವವರು ತಮ್ಮೂರಿನಲ್ಲಿ ಮುದ್ರೆ ಹಾಕಿಸಿದರು, ಉಳಿದವರು ಕಾರವಾರದಲ್ಲಿ. ಹೀಗೆ ಒಂದೇ ದಿನದ ಎರಡು ಊರುಗಳ ಸಾಕ್ಷಿ ದೊರೆಯಿತು. ವಿಕ್ರಮವು ಸುಖವಾಗಿ ಇಳಿಯಿತೆಂಬುದನ್ನು ಬಲ್ಲಿರಿ. ಆ ದಿನವು ಈಗ ರಾಷ್ಟ್ರೀಯ ಅಂತರಿಕ್ಷ ದಿನವಾಗಿರುವದು.

ಮರುದಿನ ನೆನಪಾಗಿ, ಹಿಂದಿನ ತಾರೀಖಿನ ಮುದ್ರೆಯನ್ನು ಒತ್ತಿಕೊಡಿರೆಂದು ಟಪಾಲಿನವರನ್ನು ಬೇಡುವದಕ್ಕೆ ನಮ್ಮಲ್ಲಿ ಅಪ್ಪಣೆಯಿಲ್ಲ. ಲೋಭವು ಎಂತಹರನ್ನೂ ಕೆಡಿಸುವದೆಂಬುದಕ್ಕೆ 1971ರ ಅಪೊಲೊ 15ರ ಕಥೆಯೇ ಸಾಕು: ಆ ಮೂವರು ಯಾತ್ರಿಕರು ಮೇಲಧಿಕಾರಿಗಳಿಗೆ ತಿಳಿಸದೆ 398 ಲಕೋಟೆಗಳನ್ನು ಚಂದ್ರನಿಗೆ ಒಯ್ದು ಬಂದರು. ಅವುಗಳಲ್ಲಿ 100 ಒಬ್ಬ ಜರ್ಮನ್ ವ್ಯಾಪಾರಿಯ ಕೈಸೇರಿ ಮಾರಾಟವಾದವು. ಸಂಗತಿಯು ಹೊರಬಿದ್ದು ಅವರು ಛೀಮಾರಿಗೊಳಗಾದರು. ಮೂವರಲ್ಲಿ ಒಬ್ಬರೂ ಮತ್ತೆ ಆಕಾಶಕ್ಕೇರಲಿಲ್ಲ. ಇದಕ್ಕೆ ಬೇರೊಂದು ಮುಖವೂ ಉಂಟು. ಅಪೊಲೊ 11ರವರು ಹೊರಡುವ ಮುನ್ನ ಲಕೋಟೆಗಳ ಮೇಲೆ ರುಜು ಹಾಕಿ ಮನೆಯವರಿಗಾಗಿ ಇಟ್ಟು ಹೋದರು. ತಾವು ತಿರುಗಿ ಬಾರದಿದ್ದರೆ ಅವುಗಳನ್ನು ಮಾರಿ ಹೆಂಡತಿ ಮಕ್ಕಳು ಬದುಕಲೆಂದು!

ಕೈಗೆಲಸದ ಕುರಿತು ಎರಡು ಮಾತು. ಲಕೋಟೆಯೊಳಗೆ ತೆಳುವಾದ ರಟ್ಟನ್ನಿಟ್ಟರೆ ಮುದ್ರೆಯು ಸಮನಾಗಿ ಬೀಳುವದು, ಮೂಲೆಗಳು ಮುದುಡಲಾರವು. ಚಿತ್ರಕ್ಕೆ ನೀರಿನಲ್ಲಿ ಕದಡುವ ಬಣ್ಣ ಬೇಡ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟಪಾಲಿನ ಚೀಲವು ತೋಯದೆ ಇರದು. ವಿಳಾಸವನ್ನು ಪೆನ್ಸಿಲಿನಿಂದ ಬರೆಯಬಾರದು. ಮರಳಿ ಬಂದ ಲಕೋಟೆಗಳನ್ನು ಕಬ್ಬಿಣದ ಟ್ರಂಕಿನಲ್ಲಿ ಒತ್ತೊತ್ತಾಗಿ ಇಟ್ಟರೆ ಆಷಾಢದೊಳಗಾಗಿ ಅಂಟು ಕರಗಿ ಒಂದಕ್ಕೊಂದು ಹತ್ತುವವು, ಬೂಷ್ಟು ಹಿಡಿಯುವದು. ನಡುನಡುವೆ ಬೆಣ್ಣೆಕಾಗದವನ್ನಿಟ್ಟು, ಗಾಳಿಯಾಡುವ ಕಪಾಟಿನಲ್ಲಿ ನಿಲ್ಲಿಸಿ, ಬಿಸಿಲು ಬಿದ್ದ ದಿನ ಹೊರತೆಗೆದು ನೆರಳಿನಲ್ಲಿ ಆರಿಸಬೇಕು. ನಮ್ಮ ಲಕೋಟೆಗಳು ವಾಚನಾಲಯದ ಕಿಟಕಿಯ ಬಳಿಯ ಕಪಾಟಿನಲ್ಲಿರುವವು. ಶನಿವಾರ ಶಾಲೆ ಬಿಟ್ಟ ಬಳಿಕ ಪಾಲಕರು ಬಂದು ನೋಡಬಹುದು. ಅಂಕೋಲೆಯ ಆ ತಾಯಿಯವರು ಈಗಾಗಲೇ ಎರಡು ಸಾರೆ ಬಂದು ಹೋಗಿರುವರು.