ಬಿರುಸಿನ ವ್ಯಾಯಾಮ: ಯುವತಿಯರ ರಕ್ತನಾಳಕ್ಕೆ ಎಷ್ಟು ಹಿತ?

ಇಪ್ಪತ್ತರ ಹರೆಯದಲ್ಲಿ ರಕ್ತನಾಳದ ಚಿಂತೆ ಯಾರಿಗೂ ಇರುವುದಿಲ್ಲ. ಋತುಬಂಧದವರೆಗೆ ಈಸ್ಟ್ರೋಜೆನ್ ಹಾರ್ಮೋನು ಸ್ತ್ರೀಯರ ಹೃದಯವನ್ನು ಕಾಯುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಅದರಲ್ಲಿ ಸತ್ಯಾಂಶ ಇದೆಯಾದರೂ ಧೂಮಪಾನ, ಮಧುಮೇಹ, ಬೊಜ್ಜು, ಪಿಸಿಓಎಸ್ ಹಾಗೂ ಜಡ ಜೀವನ ಈ ರಕ್ಷಾಕವಚವನ್ನು ಸಡಿಲಗೊಳಿಸುತ್ತವೆ. 2022ರಲ್ಲಿ ಭಾರತದ ವಯಸ್ಕ ಸ್ತ್ರೀಯರ ಪೈಕಿ ಸುಮಾರು ಶೇ. 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಪುರುಷರಲ್ಲಿ ಈ ಪ್ರಮಾಣ ಶೇ. 42.

ಒಳಪದರದ ಮಹಿಮೆ

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ತೆಳುಪದರವಿದೆ. ಇದೇ ಎಂಡೋಥೀಲಿಯಂ. ರಕ್ತವು ರಭಸದಿಂದ ಹರಿದು ಈ ಪದರವನ್ನು ಉಜ್ಜಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ. ಆಗ ನಾಳದ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫರೀದ್ ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಪದರ ದುರ್ಬಲವಾಗುವುದು ಅಪಧಮನಿ ಪೆಡಸಾಗುವುದರ ಆರಂಭಿಕ ಸೂಚನೆ. ಅದನ್ನು ಅಳೆಯುವುದು ಸುಲಭ. ಮುಂಗೈಗೆ ಪಟ್ಟಿ ಕಟ್ಟಿ ಐದು ನಿಮಿಷ ರಕ್ತಸಂಚಾರ ತಡೆದು, ಬಿಟ್ಟೊಡನೆ ತೋಳಿನ ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡ್ ಮೂಲಕ ನೋಡಲಾಗುತ್ತದೆ.

ಬಿರುಸು ಏಕೆ?

ವ್ಯಾಯಾಮ ಬಿರುಸಾದಷ್ಟೂ ರಕ್ತದ ರಭಸ ಹೆಚ್ಚು. ಪದರಕ್ಕೆ ದೊರೆಯುವ ಪ್ರಚೋದನೆಯೂ ಹೆಚ್ಚು. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರು ಬಳಸಿದ ಕ್ರಮದಲ್ಲಿ ಗರಿಷ್ಠ ಹೃದಯಬಡಿತದ ಶೇ. 90-95ರ ಮಟ್ಟದಲ್ಲಿ 4 ನಿಮಿಷ, ಬಳಿಕ 3 ನಿಮಿಷ ನಿಧಾನಗತಿ. ಹೀಗೆ ನಾಲ್ಕು ಸುತ್ತು. 2007ರ ಅವರ ಅಧ್ಯಯನದಲ್ಲಿ ಸಾಧಾರಣ ನಡಿಗೆಗಿಂತ ಈ ಕ್ರಮವೇ ಒಳಪದರಕ್ಕೆ ಹೆಚ್ಚು ಲಾಭ ತಂದಿತು. ಆದರೆ ಅಲ್ಲಿದ್ದವರು ಹೃದಯ ದೌರ್ಬಲ್ಯದ ವೃದ್ಧ ರೋಗಿಗಳು. ಆರೋಗ್ಯವಂತ ಯುವತಿಯರ ನಾಳಗಳು ಮೊದಲೇ ಚೆನ್ನಾಗಿರುವುದರಿಂದ ಅಷ್ಟೇ ಏರಿಕೆಯನ್ನು ನಿರೀಕ್ಷಿಸಲಾಗದು. ಋತುಚಕ್ರದ ಹಂತಕ್ಕೆ ತಕ್ಕಂತೆ ಈಸ್ಟ್ರೋಜೆನ್ ಏರಿಳಿಯುವುದರಿಂದ ಅಳತೆಯೂ ಬದಲಾಗಬಹುದು. ತೀವ್ರ ವ್ಯಾಯಾಮದ ಬೆನ್ನಲ್ಲೇ ನಾಳದ ಹಿಗ್ಗುವಿಕೆ ತುಸು ಕುಗ್ಗಿ ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಫಲ ಸಿಗುವುದು ವಾರಗಟ್ಟಲೆ ಮುಂದುವರಿಸಿದಾಗ ಮಾತ್ರ.

ಮೊದಲು ರಕ್ತಪರೀಕ್ಷೆ

ಕರ್ನಾಟಕದಲ್ಲಿ 15ರಿಂದ 49ರ ವಯೋಮಾನದ ಸ್ತ್ರೀಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ತಿಳಿಸಿತ್ತು. ಇಂಥವರಿಗೆ ಮೆಟ್ಟಿಲು ಹತ್ತುವಾಗಲೇ ಏದುಸಿರು ಬರಬಹುದು. ಆದ್ದರಿಂದ ಆಯಾಸ, ಎದೆಬಡಿತ, ತಲೆಸುತ್ತು ಇರುವವರು ಹಿಮೋಗ್ಲೋಬಿನ್ ಪರೀಕ್ಷಿಸಿಕೊಂಡು, ವೈದ್ಯರ ಸಲಹೆ ಪಡೆದ ನಂತರವೇ ಬಿರುಸಿನ ವ್ಯಾಯಾಮಕ್ಕೆ ಇಳಿಯುವುದು ಕ್ಷೇಮ.

ವಾರಕ್ಕೆ 150-300 ನಿಮಿಷ ಸಾಧಾರಣ ಅಥವಾ 75-150 ನಿಮಿಷ ಬಿರುಸಿನ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಸಮಯವಿಲ್ಲ ಎನ್ನುವವರಿಗೆ ಎರಡನೆಯದು ಅನುಕೂಲಕರ. ಜಿಮ್ಮೇ ಆಗಬೇಕೆಂದಿಲ್ಲ, ಏರುದಾರಿ, ಮೆಟ್ಟಿಲು, ಸೈಕಲ್, ಸ್ಕಿಪ್ಪಿಂಗ್ ಹಗ್ಗ ಯಾವುದಾದರೂ ಸರಿ. ಕೆಲವು ವಾರ ವೇಗದ ನಡಿಗೆಯಿಂದ ಆರಂಭಿಸಿ, ಹಂತಹಂತವಾಗಿ ಬಿರುಸು ಹೆಚ್ಚಿಸಿದರೆ ಸಾಕು.